ನಿಮ್ಮ ಕಣ್ಣಿಗೆ ಮಾತ್ರ

1848ರ ಸೆಪ್ಟೆಂಬರ್ 3ರಂದು ಅಟ್ಲಾಂಟಾದ ಹೋಟೆಲೊಂದರ ಜಗಲಿಯ ಮೇಲೆ ಫ್ರಾನ್ಸಿಸ್ ಕೋನ್ ಎಂಬ ನ್ಯಾಯಾಧೀಶ, ಜಾರ್ಜಿಯಾದ ಕಾಂಗ್ರೆಸ್ ಸದಸ್ಯ ಅಲೆಕ್ಸಾಂಡರ್ ಸ್ಟೀಫನ್ಸ್‌ನ ಮೇಲೆ ಚಾಕು ಹಿಡಿದು ಎರಗಿದ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಸಂಸತ್ತಿನಲ್ಲಿ ಹಾಕಿದ ಒಂದು ಮತದಿಂದ ಹುಟ್ಟಿದ ಜಗಳ ಅದು. ಕೋನ್ ದಢೂತಿ ಆಳು. ಸ್ಟೀಫನ್ಸ್ 45 ಕಿಲೋ ಕೂಡ ತೂಗದ, ಹುಟ್ಟು ರೋಗಿಷ್ಟ. ಕೆಳಗೆ ಕೆಡವಿಕೊಂಡು, ಆಡಿದ ಮಾತನ್ನು ಹಿಂತೆಗೆದುಕೋ, ಇಲ್ಲವಾದರೆ ಕತ್ತು ಕೊಯ್ಯುತ್ತೇನೆ ಎಂದು ಕೋನ್ ಅಬ್ಬರಿಸಿದಾಗ, ಸ್ಟೀಫನ್ಸ್ ಒಲ್ಲೆನೆಂದು ಹೇಳಿ ಇಳಿದುಬರುತ್ತಿದ್ದ ಅಲಗನ್ನು ಬರಿಗೈಯಲ್ಲಿ ಹಿಡಿದುಬಿಟ್ಟ. ಬಲಗೈ ಸೀಳಿಹೋಯಿತು. ಜೀವ ಉಳಿಯಿತು, ಆದರೆ ಆ ಕೈ ಮತ್ತೆ ಮೊದಲಿನಂತೆ ಆಗಲಿಲ್ಲ, ಅಕ್ಷರವೂ ಕೆಟ್ಟಿತು.

ಆ ಘಾಸಿಗೊಂಡ ಕೈಯಿಂದಲೇ ಅವನು ಮುಂದಿನ ಮೂವತ್ತನಾಲ್ಕು ವರ್ಷ ಸಾವಿರಾರು ಕಾಗದಗಳನ್ನು ಬರೆದ. ಮದುವೆಯಾಗಲಿಲ್ಲ, ಮನೆ ತುಂಬ ಮಕ್ಕಳಿರಲಿಲ್ಲ. ತನಗಿಂತ ಹನ್ನೊಂದು ವರ್ಷ ಚಿಕ್ಕವನಾದ, ತಾನೇ ಸಾಕಿ ಓದಿಸಿದ ಮಲತಮ್ಮ ಲಿಂಟನ್‌ಗೆ ಹಲವು ವರ್ಷಗಳ ಕಾಲ ಹೆಚ್ಚುಕಡಿಮೆ ದಿನಕ್ಕೊಂದರಂತೆ ಬರೆಯುತ್ತಿದ್ದ. ಜಾರ್ಜಿಯಾದವರೇ ಆದ ರಾಬರ್ಟ್ ಟೂಂಬ್ಸ್ ಮತ್ತು ಹೊವೆಲ್ ಕಾಬ್ ಅವನ ರಾಜಕೀಯದ ಜೊತೆಗಾರರು, ಕೆಲವೊಮ್ಮೆ ಎದುರಾಳಿಗಳು. ಈ ಮೂವರ ಪತ್ರವ್ಯವಹಾರ ಒಟ್ಟಾಗಿ 1913ರಲ್ಲಿ ಅಚ್ಚಾಯಿತು. ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಅದನ್ನು ತೆರೆದು ಓದಬಹುದು. ಕಳೆದ ಕೆಲವು ತಿಂಗಳು ರಾತ್ರಿ ಊಟದ ಮೇಲೆ ನಾನು ಮಾಡಿದ್ದು ಅದನ್ನೇ.

ನನಗೇಕೆ ಈ ಆಸಕ್ತಿ ಎಂದು ಮನೆಯವರು ಕೇಳಿದ್ದುಂಟು. ನಾನು ಧಾರವಾಡದ ಕಡೆಯ ಹತ್ತಿಯ ಸೀಮೆಯವನು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಬೇಸಾಯಗಾರರನ್ನು ಕರೆಸಿ ಅಲ್ಲಿನ ಹತ್ತಿಯನ್ನು ಇಲ್ಲಿ ಬೆಳೆಯಿಸಲು ಯತ್ನಿಸಿತು. ಬೇರೆ ಕಡೆ ಹೆಚ್ಚಾಗಿ ಸೋತ ಆ ಪ್ರಯೋಗ ಧಾರವಾಡ, ಹುಬ್ಬಳ್ಳಿಯ ಎರೆಭೂಮಿಯಲ್ಲಿ ನಿಂತಿತು. ನ್ಯೂ ಆರ್ಲಿಯನ್ಸ್ ಬೀಜದಿಂದ ಬಂದ ಆ ಹತ್ತಿಗೆ ಧಾರವಾಡ-ಅಮೆರಿಕನ್ ಎಂಬ ಹೆಸರೇ ಬಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ನಮ್ಮ ಕಡೆಗೆ ತಿರುಗಿದವು, ಹತ್ತಿಯ ಬೆಲೆ ಏರಿತು, ಕಾರವಾರದ ಬಂದರಿಗೂ ಅದೇ ಕಾಲದಲ್ಲಿ ಹೊಸ ಗಮನ ಬಂತು. 1865ರಲ್ಲಿ ಅಲ್ಲಿ ಯುದ್ಧ ನಿಂತಾಗ ಇಲ್ಲಿ ಬೆಲೆ ಕುಸಿಯಿತು. ಆ ಬೀಜ ಎಲ್ಲಿಂದ ಬಂತೋ ಅಲ್ಲಿ ಹತ್ತಿ ಬಿಡಿಸುತ್ತಿದ್ದವರು ಯಾರು, ಬಿಡಿಸಿದವರನ್ನು ಆಳುತ್ತಿದ್ದವರು ತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಿದ್ದರು ಎಂದು ತಿಳಿಯುವ ಆಸೆ ನನ್ನನ್ನು ಸ್ಟೀಫನ್ಸ್‌ನ ಬಳಿಗೆ ಕರೆತಂದಿತು.

ಅವನನ್ನು ಮೊದಲು ನೋಡಿದ್ದು ಇನ್ನೊಬ್ಬನ ಕಾಗದದಲ್ಲಿ. 1848ರ ಫೆಬ್ರುವರಿ 2ರಂದು ಇಲಿನಾಯ್ಸಿನ ಹೊಸ ಕಾಂಗ್ರೆಸ್ ಸದಸ್ಯನೊಬ್ಬ ಊರಿನಲ್ಲಿದ್ದ ತನ್ನ ವಕೀಲಿ ಪಾಲುದಾರನಿಗೆ ಬರೆಯುತ್ತಾನೆ: ಜಾರ್ಜಿಯಾದ ಸ್ಟೀಫನ್ಸ್ ಎಂಬ ಸಣಕಲ, ಬಿಳಿಚಿಕೊಂಡ ಮುಖದ, ಕ್ಷಯದವನಂತೆ ಕಾಣುವ ಮನುಷ್ಯ ಈಗಷ್ಟೇ ಒಂದು ಗಂಟೆ ಮಾತಾಡಿ ಮುಗಿಸಿದ, ಅಂಥ ಭಾಷಣವನ್ನು ನಾನು ಕೇಳಿಯೇ ಇರಲಿಲ್ಲ, ನನ್ನ ಮುದಿ, ಒಣ ಕಣ್ಣುಗಳಲ್ಲಿ ಇನ್ನೂ ನೀರು ತುಂಬಿದೆ. ಹೀಗೆ ಬರೆದವನು ಅಬ್ರಹಾಂ ಲಿಂಕನ್. ಆಗ ಅವನಿಗೆ ಇನ್ನೂ 39 ತುಂಬಿರಲಿಲ್ಲ. ಇಬ್ಬರೂ ಅಂದಿನ ಎರಡು ದೊಡ್ಡ ಪಕ್ಷಗಳಲ್ಲಿ ಒಂದಾದ ವಿಗ್ ಪಕ್ಷದವರು, ಇಬ್ಬರೂ ಮೆಕ್ಸಿಕೋ ಮೇಲಿನ ಯುದ್ಧವನ್ನು ವಿರೋಧಿಸಿದವರು. ಈ ಒಂದು ಕಾಗದ ಇಲ್ಲದಿದ್ದರೆ ಹನ್ನೆರಡು ವರ್ಷಗಳ ಮೇಲಿನ ಕಾಗದಗಳ ನೋವು ನಮಗೆ ಪೂರ್ತಿ ತಟ್ಟುತ್ತಿರಲಿಲ್ಲ.

ಆ ಹನ್ನೆರಡು ವರ್ಷಗಳಲ್ಲಿ ಸ್ಟೀಫನ್ಸ್ ಸುಮ್ಮನೆ ಕುಳಿತಿದ್ದವನಲ್ಲ. 1854ರ ಮೇ 22ರಂದು ಕಾನ್ಸಾಸ್-ನೆಬ್ರಾಸ್ಕಾ ಮಸೂದೆ 113ಕ್ಕೆ 100 ಮತಗಳಿಂದ ಕೆಳಮನೆಯಲ್ಲಿ ಗೆದ್ದದ್ದು ಬಹುಪಾಲು ಅವನ ಚಾಕಚಕ್ಯತೆಯಿಂದ. ಗುಲಾಮಗಿರಿಯನ್ನು ಹೊಸ ಪ್ರದೇಶಗಳಿಂದ ದೂರವಿಟ್ಟಿದ್ದ ಹಳೆಯ ಒಪ್ಪಂದದ ಗೆರೆಯನ್ನು ಆ ಮಸೂದೆ ಅಳಿಸಿತು. ಮರುದಿನದ ಕಾಗದದಲ್ಲಿ ಅವನ ಹಿಗ್ಗು ಉಕ್ಕುತ್ತದೆ: ಲಗಾಮನ್ನು ಕೈಗೆ ತೆಗೆದುಕೊಂಡೆ, ಚಾಟಿ ಬೀಸಿದೆ, ರಾತ್ರಿ ಹನ್ನೊಂದಕ್ಕೆ ಬಂಡಿಯನ್ನು ಹೊರಗೆಳೆದೆ. ಗಾಡಿ ಹೂಡಿ ಬಲ್ಲವರಿಗೆ ಈ ಮಾತಿನ ಸುಖ ಗೊತ್ತು. ಆದರೆ ಆ ಬಂಡಿ ಹೋಗಿ ನಿಂತದ್ದು ರಕ್ತ ಹರಿದ ಕಾನ್ಸಾಸಿನಲ್ಲಿ. ಆ ಮಸೂದೆಯ ಸಿಟ್ಟಿನಿಂದಲೇ ರಿಪಬ್ಲಿಕನ್ ಪಕ್ಷ ಹುಟ್ಟಿತು, ಆ ಪಕ್ಷದಿಂದ ಲಿಂಕನ್ ಅಧ್ಯಕ್ಷನಾಗಿ ಬಂದ. 1860ರಲ್ಲಿ ಸ್ಟೀಫನ್ಸ್ ಮುಂದಾಗುವ ಅನಾಹುತದ ಬಗ್ಗೆ ಬರೆದ ದುಗುಡದ ಮಾತುಗಳನ್ನು ಓದುವಾಗ 1854ರ ಆ ಹಿಗ್ಗನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು ಎಂದು ನನಗನಿಸುತ್ತದೆ.

1860ರ ನವೆಂಬರಿನಲ್ಲಿ ಲಿಂಕನ್ ಗೆದ್ದ ಸುದ್ದಿ ಬಂದಾಗ ಜಾರ್ಜಿಯಾದ ಅಂದಿನ ರಾಜಧಾನಿ ಮಿಲೆಡ್ಜ್‌ವಿಲ್‌ನಲ್ಲಿ ಶಾಸಕರ ಮುಂದೆ ಒಬ್ಬರ ಹಿಂದೊಬ್ಬರು ಮಾತಾಡಿದರು. 13ರ ರಾತ್ರಿ ಟೂಂಬ್ಸ್ ಒಕ್ಕೂಟವನ್ನು ಬಿಟ್ಟು ಹೊರಡೋಣ, ಕತ್ತಿ ಹಿರಿಯೋಣ ಎಂದ. 14ರ ರಾತ್ರಿ ಸ್ಟೀಫನ್ಸ್ ಎದ್ದು, ಸಂವಿಧಾನದ ಪ್ರಕಾರ ಆರಿಸಿಬಂದ ಒಬ್ಬ ಮನುಷ್ಯನ ಗೆಲುವು ಒಕ್ಕೂಟ ಒಡೆಯಲು ಸಾಕಷ್ಟು ಕಾರಣವಲ್ಲ ಎಂದ. ಆ ಭಾಷಣ ಪತ್ರಿಕೆಗಳಲ್ಲಿ ದೇಶವೆಲ್ಲ ಹರಿದಾಡಿತು. ಇನ್ನೂ ಅಧಿಕಾರ ವಹಿಸದೆ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಲಿಂಕನ್ ಅದನ್ನು ಓದಿ, ನವೆಂಬರ್ 30ರಂದು ಎರಡು ಮೂರು ಸಾಲಿನ ಕಾಗದ ಬರೆದ: ನೀವು ಅದನ್ನು ತಿದ್ದಿ ಸಿದ್ಧಪಡಿಸಿದ್ದರೆ ನನಗೊಂದು ಪ್ರತಿ ಕಳುಹಿಸುವಿರಾ? ಸ್ಟೀಫನ್ಸ್ ಡಿಸೆಂಬರ್ 14ರಂದು ಉತ್ತರಿಸಿದ. ಪತ್ರಿಕೆಯಲ್ಲಿ ಬಂದದ್ದನ್ನು ತಿದ್ದಿಲ್ಲ, ಆದರೆ ಹೆಚ್ಚುಕಡಿಮೆ ಸರಿಯಿದೆ ಎಂದು ತಿಳಿಸಿ, ದೇಶ ದೊಡ್ಡ ಗಂಡಾಂತರದಲ್ಲಿದೆ, ನಿಮ್ಮಷ್ಟು ಭಾರ ಹೊತ್ತವರು ಹಿಂದೆ ಯಾರೂ ಇರಲಿಲ್ಲ ಎಂದು ಸೇರಿಸಿದ.

ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನಾ ಒಕ್ಕೂಟದಿಂದ ಹೊರಬಿತ್ತು. ಎರಡು ದಿನ ಬಿಟ್ಟು, 22ರಂದು, ಲಿಂಕನ್ ಇನ್ನೊಂದು ಕಾಗದ ಬರೆದು ಅದರ ನೆತ್ತಿಯ ಮೇಲೆ ನಿಮ್ಮ ಕಣ್ಣಿಗೆ ಮಾತ್ರ ಎಂದು ಗುರುತು ಮಾಡಿದ. ನಾನು ಬಹಳ ಸಲ ಓದಿದ ಕಾಗದ ಇದು. ಒಂದು ಪುಟವೂ ತುಂಬದು. ರಿಪಬ್ಲಿಕನ್ ಆಡಳಿತ ನೇರವಾಗಿಯೋ ಸುತ್ತುಬಳಸಿಯೋ ತಮ್ಮ ಗುಲಾಮರ ವಿಷಯದಲ್ಲಿ ಕೈಹಾಕುತ್ತದೆ ಎಂದು ದಕ್ಷಿಣದ ಜನ ನಿಜವಾಗಿಯೂ ಅಂಜಿದ್ದಾರೆಯೇ ಎಂದು ಕೇಳುತ್ತಾನೆ. ಅಂಜಿದ್ದರೆ, ಒಮ್ಮೆ ಸ್ನೇಹಿತನಾಗಿದ್ದವನು, ಈಗಲೂ ವೈರಿಯಲ್ಲವೆಂದು ನಂಬಿದವನು ಹೇಳುತ್ತಿದ್ದೇನೆ, ಅಂಥ ಭಯಕ್ಕೆ ಕಾರಣವಿಲ್ಲ, ವಾಷಿಂಗ್ಟನ್ನನ ಕಾಲದಲ್ಲಿ ಇದ್ದುದಕ್ಕಿಂತ ಹೆಚ್ಚಿನ ಅಪಾಯ ಈಗಿಲ್ಲ ಎನ್ನುತ್ತಾನೆ. ಆಮೇಲೆ, ಇಷ್ಟರಿಂದ ಸಮಾಧಾನವಾಗದು ಎಂದು ತಾನೇ ಅರಿತವನಂತೆ, ಈ ಸಾಲುಗಳನ್ನು ಬರೆಯುತ್ತಾನೆ: ಗುಲಾಮಗಿರಿ ಸರಿ, ಅದು ಹರಡಬೇಕು ಎಂದು ನೀವು ತಿಳಿದಿದ್ದೀರಿ, ಅದು ತಪ್ಪು, ಅದಕ್ಕೆ ಎಲ್ಲೆ ಕಟ್ಟಬೇಕು ಎಂದು ನಾವು ತಿಳಿದಿದ್ದೇವೆ. ತೊಡಕು ಇರುವುದು ಅಲ್ಲಿಯೇ ಎಂದು ಕಾಣುತ್ತದೆ. ನಮ್ಮ ನಡುವೆ ಗಟ್ಟಿಯಾದ ಭೇದ ಎಂಬುದು ಖಂಡಿತವಾಗಿ ಇದೊಂದೇ.

ಈ ಕಾಗದದಲ್ಲಿ ನನ್ನನ್ನು ಬಾಧಿಸುವ ಮಾತೂ ಇದೆ, ಅದನ್ನು ಮುಚ್ಚಿಡಲಾರೆ. ಆ ಡಿಸೆಂಬರಿನಲ್ಲಿ ಲಿಂಕನ್ ಕೊಟ್ಟ ಭರವಸೆ ಗುಲಾಮರ ಒಡೆಯರಿಗೆ. ಇದ್ದಲ್ಲಿ ಇದ್ದಂತೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ ಎಂಬ ಭರವಸೆ. ಅಂದು ಆ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಜಾರ್ಜಿಯಾ ಒಂದರಲ್ಲೇ 10 ಲಕ್ಷ 57 ಸಾವಿರ ಜನಸಂಖ್ಯೆಯಲ್ಲಿ 4 ಲಕ್ಷ 62 ಸಾವಿರ. ಅವರ ಬದುಕಿನ ಬಗ್ಗೆಯೇ ಇಬ್ಬರು ಸಜ್ಜನಿಕೆಯಿಂದ ಕಾಗದ ಬರೆದುಕೊಳ್ಳುತ್ತಿದ್ದಾಗ, ಜಾರ್ಜಿಯಾದ 1829ರ ಕಾನೂನು ಕಪ್ಪು ಜನರಿಗೆ ಓದು ಬರಹ ಕಲಿಸುವುದನ್ನೇ ಅಪರಾಧ ಮಾಡಿತ್ತು. ಕ್ರಾಫರ್ಡ್‌ವಿಲ್‌ನಲ್ಲಿದ್ದ ಸ್ಟೀಫನ್ಸ್‌ನ ಮನೆಯ ಹೆಸರು ಲಿಬರ್ಟಿ ಹಾಲ್, ಅಂದರೆ ಸ್ವಾತಂತ್ರ್ಯದ ಮನೆ. ಆ ಮನೆ ಹೊಲಗಳಲ್ಲಿ 30ಕ್ಕೂ ಹೆಚ್ಚು ಗುಲಾಮರಿದ್ದರು. ಅವರಲ್ಲಿ ಒಬ್ಬರ ಕಾಗದವಾದರೂ ಈ ಸಂಗ್ರಹದ ಪುಟಗಳಲ್ಲಿ ಸಿಕ್ಕೀತೇ ಎಂದು ಹುಡುಕುತ್ತಾ ಹೋದೆ. ಕಾಗದ ಮಡಿಸಿ ಕೊಟ್ಟಾಗ ತೆಗೆದುಕೊಂಡು ಅಂಚೆಗೆ ಹಾಕಲು ಹೊರಟ ಕೈಗೆ ಅದರೊಳಗೆ ಏನಿದೆ ಎಂದು ಓದುವ ಹಕ್ಕೂ ಇರಲಿಲ್ಲ.

ಸ್ಟೀಫನ್ಸ್‌ನ ಉತ್ತರ ಡಿಸೆಂಬರ್ 30ರದು, ಉದ್ದವಾದದ್ದು. ನಾನು ವೈಯಕ್ತಿಕವಾಗಿ ನಿಮ್ಮ ವೈರಿಯಲ್ಲ, ಖಂಡಿತ ಅಲ್ಲ ಎಂದು ಮೊದಲು ಹೇಳುತ್ತಾನೆ. ಆಮೇಲೆ ಲಿಂಕನ್ ತೋರಿಸಿದ ತೊಡಕಿನ ಮೇಲೆಯೇ ಬೆರಳಿಡುತ್ತಾನೆ. ದಕ್ಷಿಣದವರಾದ ನಾವು, ನಮ್ಮಲ್ಲಿರುವ ಆಫ್ರಿಕನ್ನರ ಗುಲಾಮಗಿರಿಯನ್ನು ನೀತಿಯ ದೃಷ್ಟಿಯಿಂದಲೂ ರಾಜಕೀಯದ ದೃಷ್ಟಿಯಿಂದಲೂ ಸರಿ ಎಂದೇ ತಿಳಿದಿದ್ದೇವೆ. ಈ ಅಭಿಪ್ರಾಯ ಕಪ್ಪು ಜನಾಂಗದ ಕೀಳುತನದ ಮೇಲೆ ನಿಂತಿದೆ ಎಂದು ಯಾವ ಅಳುಕೂ ಇಲ್ಲದೆ ಬರೆಯುತ್ತಾನೆ. ಹೆಚ್ಚುಕಡಿಮೆ ಅರ್ಧದಷ್ಟು ರಾಜ್ಯಗಳ ವ್ಯವಸ್ಥೆಯನ್ನು ಇಡೀ ರಾಷ್ಟ್ರದ ಮುಂದೆ ಹಳಿಯುವುದು, ಬಹಿಷ್ಕಾರದ ವಸ್ತುವಾಗಿಸುವುದು ಅವನ ದೂರಿನ ತಿರುಳು. ಕೊನೆಗೆ ಬೈಬಲಿನ ಜ್ಞಾನೋಕ್ತಿಯೊಂದನ್ನು ನೆನಪಿಸುತ್ತಾನೆ: ಈಗ ನಿಮ್ಮಿಂದ ಬರುವ ತಕ್ಕ ಮಾತೊಂದು ಬೆಳ್ಳಿಯ ಚಿತ್ರದೊಳಗಿನ ಚಿನ್ನದ ಹಣ್ಣಿನಂತಿರುತ್ತದೆ. ಕಣ್ಣಿಗೆ ಮಾತ್ರ ಎಂದು ಬರೆದುದನ್ನು ಎಲ್ಲರ ಕಿವಿಗೂ ಕೇಳುವಂತೆ ಹೇಳಿ ಎಂಬುದು ಅವನ ಬೇಡಿಕೆ.

ಲಿಂಕನ್ ಆ ಮಾತನ್ನು ಅವನಿಗೆ ಬರೆದು ಕಳುಹಿಸಲಿಲ್ಲ. ಆದರೆ ಚಿನ್ನದ ಹಣ್ಣು ಅವನ ಮನಸ್ಸನ್ನು ಬಿಟ್ಟಿರಲಿಲ್ಲ ಎಂಬುದಕ್ಕೆ ಒಂದು ತುಂಡು ಕಾಗದ ಸಾಕ್ಷಿಯಾಗಿ ಉಳಿದಿದೆ. ತನಗಾಗಿ ಮಾತ್ರ ಗೀಚಿಕೊಂಡ ಆ ಟಿಪ್ಪಣಿಯಲ್ಲಿ, ಎಲ್ಲರಿಗೂ ಸ್ವಾತಂತ್ರ್ಯ ಎಂಬ ತತ್ವವೇ ಚಿನ್ನದ ಹಣ್ಣು, ಒಕ್ಕೂಟ ಮತ್ತು ಸಂವಿಧಾನ ಅದರ ಸುತ್ತಲಿನ ಬೆಳ್ಳಿಯ ಚಿತ್ರ, ಹಣ್ಣಿಗಾಗಿ ಚಿತ್ರವೇ ಹೊರತು ಚಿತ್ರಕ್ಕಾಗಿ ಹಣ್ಣಲ್ಲ ಎಂದು ಬರೆದುಕೊಂಡಿದ್ದಾನೆ. ಸ್ಟೀಫನ್ಸ್ ಕಳುಹಿಸಿದ ಹೋಲಿಕೆಯನ್ನೇ ತಿರುಗಿಸಿ ಅದರೊಳಗೆ ಸ್ಟೀಫನ್ಸ್ ಎಂದೂ ಇಡದ ಅರ್ಥವನ್ನಿಟ್ಟ. ಇಬ್ಬರ ಪತ್ರವ್ಯವಹಾರದ ನಿಜವಾದ ಕೊನೆಯ ಉತ್ತರ ಅದೇ ಎಂದು ನಾನು ಓದುತ್ತೇನೆ. ಅದು ಅಂಚೆಗೆ ಬೀಳಲಿಲ್ಲ, ಅಷ್ಟೇ.

1861ರ ಜನವರಿ 19ರಂದು ಜಾರ್ಜಿಯಾ 208ಕ್ಕೆ 89 ಮತಗಳಿಂದ ಒಕ್ಕೂಟದಿಂದ ಹೊರಬಂತು. ಸ್ಟೀಫನ್ಸ್ ಅದರ ವಿರುದ್ಧ ಮತ ಹಾಕಿದ; ಆದರೂ ತೀರ್ಮಾನಕ್ಕೆ ಸಹಿ ಹಾಕಿದ. ಮೂರು ವಾರದಲ್ಲಿ, ಹೊರಬಂದ ದಕ್ಷಿಣದ ರಾಜ್ಯಗಳು ಕಟ್ಟಿಕೊಂಡ ಹೊಸ ಒಕ್ಕೂಟಕ್ಕೆ ಅವನೇ ಉಪಾಧ್ಯಕ್ಷನಾಗಿ, ಫೆಬ್ರುವರಿ 11ರ ತನ್ನ 49ನೆಯ ಹುಟ್ಟುಹಬ್ಬದಂದು ಪ್ರಮಾಣ ಸ್ವೀಕರಿಸಿದ. ಮಾರ್ಚ್ 21ರಂದು ಸವಾನಾ ನಗರದಲ್ಲಿ ಮಾಡಿದ ಭಾಷಣದಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ, ಅವನಿಗೆ ಅಧೀನನಾಗಿರುವುದೇ ಕಪ್ಪು ಮನುಷ್ಯನ ಸಹಜ ಸ್ಥಿತಿ ಎಂಬ ಸತ್ಯದ ಮೇಲೆ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಕೂತಿದೆ ಎಂದ. ಇತಿಹಾಸ ಅವನನ್ನು ಮುಖ್ಯವಾಗಿ ನೆನೆಯುವುದು ಈ ಮಾತಿಗಾಗಿ. ಯುದ್ಧ ಸೋತ ಮೇಲೆ, ವರದಿಗಾರ ತನ್ನ ಮಾತನ್ನು ಸರಿಯಾಗಿ ಬರೆದುಕೊಳ್ಳಲಿಲ್ಲ ಎಂದು ಅವನು ದೂರಿದ. ಮಾತಿಗೆ ಸಾಕ್ಷಿ ಗಾಳಿ, ಯಾರು ಏನೆಂದರೋ ಎಂದು ನಾವು ಸಂಶಯದ ಲಾಭ ಕೊಡಬಹುದಿತ್ತೇನೋ. ಆದರೆ ಅದಕ್ಕೆ ಮೂರು ತಿಂಗಳ ಮೊದಲಿನ ಡಿಸೆಂಬರ್ 30ರ ಕಾಗದ ಇದೆ. ಅದನ್ನು ಯಾವ ವರದಿಗಾರನೂ ಬರೆದುಕೊಂಡದ್ದಲ್ಲ. ಅದೇ ಮಾತು, ಅದೇ ತರ್ಕ, ಸ್ವಂತ ಕೈಯ ಬರಹ.

ಯುದ್ಧ ಹತ್ತಿದ ಮೇಲೆ ಕಾಗದಗಳ ಮೈಯೇ ಬದಲಾಗುತ್ತದೆ. 1861ರ ಜೂನ್ ಹೊತ್ತಿಗೆ ಉತ್ತರ ದಕ್ಷಿಣಗಳ ನಡುವಿನ ಅಂಚೆ ನಿಂತಿತು. ದಕ್ಷಿಣದವರು ತಮ್ಮದೇ ಅಂಚೆ ಇಲಾಖೆ ಕಟ್ಟಿಕೊಂಡರು. ಅದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು ಎಂದು ಅವರ ಸಂವಿಧಾನದಲ್ಲೇ ಬರೆದಿದ್ದರಿಂದ, ಐದು ಸೆಂಟಿನ ಕಾಗದದ ದರ 1862ರಲ್ಲಿ ಹತ್ತಾಯಿತು. ಬಂದರುಗಳು ಮುಚ್ಚಿದ್ದರಿಂದ ಕಾಗದಕ್ಕೆ ಬರ ಬಂದು, ಜನ ಬಂದ ಲಕೋಟೆಯನ್ನೇ ಬಿಚ್ಚಿ ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿ ಕಳುಹಿಸುತ್ತಿದ್ದರು. ಗೋಡೆಗೆ ಹಚ್ಚುವ ಹೂಬಳ್ಳಿಯ ಕಾಗದ ಕತ್ತರಿಸಿ ಲಕೋಟೆ ಮಾಡುತ್ತಿದ್ದರು. ಅಂಥ ಒಂದು ಲಕೋಟೆಯ ಚಿತ್ರವನ್ನು ನೋಡಿದೆ: ಒಳಗಡೆ ಹಳೆಯ ವಿಳಾಸ, ಹೊರಗೆ ಹೊಸದು, ಒಂದೇ ಕಾಗದ ಎರಡು ಪ್ರಯಾಣ ಮಾಡಿದೆ.

ಉಪಾಧ್ಯಕ್ಷ ಸ್ಟೀಫನ್ಸ್ ರಾಜಧಾನಿ ರಿಚ್ಮಂಡಿನಲ್ಲಿ ನಿಲ್ಲಲಿಲ್ಲ. ತಿಂಗಳುಗಟ್ಟಲೆ ಊರಲ್ಲೇ ಉಳಿದು, ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಕಡ್ಡಾಯ ಸೇನಾ ಭರ್ತಿಯನ್ನೂ ಬಂಧಿಸಿದವರನ್ನು ನ್ಯಾಯಾಲಯದ ಮುಂದೆ ತರಬೇಕೆನ್ನುವ ಹೇಬಿಯಸ್ ಕಾರ್ಪಸ್ ಹಕ್ಕಿನ ಅಮಾನತನ್ನೂ ಕಾಗದದ ಮೇಲೆ ಕಾಗದ ಬರೆದು ಖಂಡಿಸಿದ. 1862ರಲ್ಲಿ ಸೇನಾಪತಿ ಬ್ರಾಗ್ ಅಟ್ಲಾಂಟಾದಲ್ಲಿ ಸೈನಿಕ ಕಾನೂನು ಹೇರಿ, ಮೇಯರ್ ಜೇಮ್ಸ್ ಕಾಲ್‌ಹೂನ್‌ನನ್ನು ನಗರದ ಸಿವಿಲ್ ಗವರ್ನರ್ ಎಂದು ನೇಮಿಸಿದಾಗ, ಮೇಯರ್ ತನ್ನ ಅಧಿಕಾರವೇನು ಎಂದು ಸ್ಟೀಫನ್ಸ್‌ನನ್ನೇ ಕೇಳಿದ. ಸೆಪ್ಟೆಂಬರ್ 8ರ ಉತ್ತರ ಬೆತ್ತದ ಏಟಿನಂತಿದೆ: ಈ ನೇಮಕದಿಂದ ನಿಮಗೆ ಯಾವ ನ್ಯಾಯವಾದ ಅಧಿಕಾರವೂ ಬರುವುದಿಲ್ಲ, ಯಾವುದನ್ನೂ ನೀವು ಚಲಾಯಿಸಲಾರಿರಿ, ಆ ಆಜ್ಞೆಯೇ ಕಣ್ಣಿಗೆ ರಾಚುವ ಅತಿಕ್ರಮಣ. ವಕೀಲನಾಗಿ ಈ ಕಾಗದ ಬಹಳ ಚೆನ್ನಾಗಿದೆ. ವಿಚಾರಣೆಯಿಲ್ಲದೆ ಮನುಷ್ಯನನ್ನು ಹಿಡಿದಿಡಲಾಗದು ಎಂಬ ನಂಬಿಕೆಗಾಗಿ ಇಷ್ಟು ಬಿಚ್ಚುಮನಸ್ಸಿನಿಂದ ಬರೆದವರು ಆ ಕಾಲದಲ್ಲಿ ಕಡಿಮೆ. ಅದೇ ಮನುಷ್ಯ ತನ್ನ ಮನೆಯ ಮೂವತ್ತು ಜನರ ವಿಷಯದಲ್ಲಿ ಆ ಪ್ರಶ್ನೆಯನ್ನು ಎತ್ತಲಿಲ್ಲ ಎಂಬುದು ಓದುತ್ತ ಹೋದಂತೆ ನನ್ನನ್ನು ಕುಗ್ಗಿಸಿತು. ಪುಟ ತಿರುವಿದಾಗಲೆಲ್ಲ, ಈಗ ಬರೆಯುತ್ತಾನೆ, ಇಲ್ಲಿ ಬರೆಯಬಹುದು ಎಂದು ಕಾದೆ.

1864ರ ಮಾರ್ಚಿನಲ್ಲಿ ಮಿಲೆಡ್ಜ್‌ವಿಲ್‌ನಲ್ಲಿ ಅವನು ಡೇವಿಸ್ ವಿರುದ್ಧ ಬಹಿರಂಗವಾಗಿ ಮಾತಾಡಿದಾಗ ಹಳೆಯ ಸ್ನೇಹಿತ ಹರ್ಷೆಲ್ ಜಾನ್ಸನ್ ಬರೆದ ಬುದ್ಧಿಮಾತು ನನಗೆ ಪ್ರಿಯವಾದದ್ದು. ನಿಮ್ಮ ಹುದ್ದೆಯನ್ನು ನೋಡಿದರೆ ನೀವು ತಪ್ಪು, ಈ ಚಳವಳಿ ಡೇವಿಸ್ ಮೇಲಿನ ಹುಚ್ಚು ಹಗೆಯಿಂದ ಹುಟ್ಟಿದ್ದರಿಂದ ನೀವು ತಪ್ಪು, ಇದು ಶತ್ರುವಿಗೆ ಸಂತೋಷ ತರುವುದರಿಂದಲೂ ನೀವು ತಪ್ಪು ಎಂದು ಅವನು ನೇರವಾಗಿ ಹೇಳುತ್ತಾನೆ. ಇಷ್ಟು ಖಾರ ತಿಂದೂ ಸ್ನೇಹ ಉಳಿಯಿತು.

1865ರ ಜನವರಿಯ ಕಾಗದಗಳನ್ನು ನಾನು ಒಂದೇ ರಾತ್ರಿ ಓದಿದೆ. 8ರಂದು ಹೊವೆಲ್ ಕಾಬ್ ಯುದ್ಧ ಕಾರ್ಯದರ್ಶಿ ಸೆಡನ್‌ಗೆ ಬರೆಯುತ್ತಾನೆ. ಸೈನಿಕರು ಸಾಲದೆ ಗುಲಾಮರ ಕೈಗೇ ಬಂದೂಕು ಕೊಡೋಣವೇ ಎಂಬ ಚರ್ಚೆ ಎದ್ದಿತ್ತು. ಗುಲಾಮರು ಒಳ್ಳೆಯ ಸೈನಿಕರಾಗುವುದಾದರೆ ಗುಲಾಮಗಿರಿಯ ಬಗ್ಗೆ ನಮ್ಮ ಸಿದ್ಧಾಂತವೆಲ್ಲ ತಪ್ಪು ಎಂದ ಕಾಬ್. ಅಷ್ಟು ಹೊತ್ತಿಗೆ ಉತ್ತರದ ಸೈನ್ಯದಲ್ಲಿ ಲಕ್ಷಕ್ಕೂ ಮಿಕ್ಕಿ ಕಪ್ಪು ಸೈನಿಕರು ಕಾದಾಡಿ ಆ ಪ್ರಶ್ನೆಗೆ ಉತ್ತರ ಕೊಟ್ಟಾಗಿತ್ತು. 12ರಂದು ಡೇವಿಸ್ ಸಂಧಾನಕ್ಕೆ ಸಿದ್ಧನೆಂದು ಬರೆಯುವಾಗ ಎರಡು ದೇಶಗಳಿಗೆ ಶಾಂತಿ ಎಂದ. 18ರಂದು ಲಿಂಕನ್ ಅದಕ್ಕೆ ಉತ್ತರವಾಗಿ ನಮ್ಮ ಒಂದೇ ದೇಶದ ಜನರಿಗೆ ಶಾಂತಿ ಎಂದ. ಆರು ದಿನದ ಅಂತರದ ಎರಡು ಕಾಗದ. ಎರಡು ಮತ್ತು ಒಂದು ಎಂಬ ಪದಗಳ ನಡುವೆ ನಾಲ್ಕು ವರ್ಷದ ಯುದ್ಧವೆಲ್ಲ ಕುಳಿತಿತ್ತು.

ಈ ಒಂದು, ಎರಡರ ತೊಡಕನ್ನು ದಾಟದೆಯೇ ಫೆಬ್ರುವರಿ 3ರಂದು ವರ್ಜೀನಿಯಾದ ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಲಂಗರು ಹಾಕಿದ್ದ ರಿವರ್ ಕ್ವೀನ್ ಹಡಗಿನಲ್ಲಿ ಸ್ಟೀಫನ್ಸ್ ಮತ್ತಿಬ್ಬರೊಂದಿಗೆ ಲಿಂಕನ್ ಮತ್ತು ಅವನ ವಿದೇಶಾಂಗ ಕಾರ್ಯದರ್ಶಿ ಸೆವರ್ಡ್‌ರನ್ನು ಕಂಡ. ಇಬ್ಬರು ಹಳೆಯ ವಿಗ್‌ಗಳು ಹದಿನಾರು ವರ್ಷಗಳ ಮೇಲೆ ಎದುರುಬದುರಾಗಿ ಕುಳಿತರು. ಬರಹಗಾರರನ್ನು ಒಳಗೆ ಬಿಡಲಿಲ್ಲ, ಯಾವುದನ್ನೂ ಬರೆದುಕೊಳ್ಳಬಾರದೆಂದು ಒಪ್ಪಿಕೊಂಡಿದ್ದರು. ಗುಲಾಮಗಿರಿಯನ್ನು ಕೊನೆಗಾಣಿಸುವ 13ನೆಯ ತಿದ್ದುಪಡಿ ಮೂರು ದಿನ ಮೊದಲಷ್ಟೇ ಕೆಳಮನೆಯಲ್ಲಿ ಗೆದ್ದಿತ್ತು. ಸಂಧಾನ ಮುರಿಯಿತು. ಏಳುವ ಮುನ್ನ ಲಿಂಕನ್, ನಿಮಗಾಗಿ ನಾನೇನಾದರೂ ಮಾಡಬಹುದೇ ಎಂದಾಗ ಸ್ಟೀಫನ್ಸ್ ಎರೀ ಸರೋವರದ ಜಾನ್ಸನ್ಸ್ ದ್ವೀಪದಲ್ಲಿ ಸೆರೆಯಾಗಿದ್ದ ತನ್ನ ಸೋದರನ ಮಗನ ಹೆಸರು ಹೇಳಿದ. ಫೆಬ್ರುವರಿ 10ರಂದು ಆ ಹುಡುಗ ಬಿಡುಗಡೆಯಾಗಿ ಲಿಂಕನ್ನನ ಚೀಟಿಯೊಂದಿಗೆ ಹೊರಟ: ಒಪ್ಪಂದದಂತೆ ನಿಮ್ಮ ಲೆಫ್ಟಿನೆಂಟ್ ಬರುತ್ತಿದ್ದಾನೆ, ಪ್ರತಿಯಾಗಿ ರಿಚ್ಮಂಡಿನಲ್ಲಿ ಸೆರೆಯಿರುವ ಅದೇ ದರ್ಜೆಯವರಲ್ಲಿ, ದೇಹಸ್ಥಿತಿ ನೋಡಿದರೆ ಯಾರ ಬಿಡುಗಡೆ ಎಲ್ಲರಿಗಿಂತ ತುರ್ತೋ ಅವನನ್ನು ಆರಿಸಿ ಕಳುಹಿಸಿ. ಲಿಂಕನ್ನನಿಗೆ ಆಗ ಉಳಿದಿದ್ದ ಆಯುಷ್ಯ ಎರಡು ತಿಂಗಳು ಮತ್ತೆ ಕೆಲವು ದಿನ.

ಮೇ 11ರಂದು ಸ್ಟೀಫನ್ಸ್‌ನನ್ನು ಅವನ ಮನೆಯಲ್ಲೇ ಬಂಧಿಸಿ ಬೋಸ್ಟನ್ ಬಂದರಿನ ಫೋರ್ಟ್ ವಾರೆನ್ ಕೋಟೆಯಲ್ಲಿಟ್ಟು, ಅಕ್ಟೋಬರಿನಲ್ಲಿ ಬಿಟ್ಟರು. 1868 ಮತ್ತು 1870ರಲ್ಲಿ ಅವನು ಎರಡು ದೊಡ್ಡ ಸಂಪುಟಗಳಲ್ಲಿ ಯುದ್ಧದ ಕಾರಣವನ್ನು ವಿವರಿಸಿದ. ಅದರ ಪ್ರಕಾರ ಗುಲಾಮಗಿರಿ ಕೇವಲ ನೆಪ. ನಿಜವಾದ ಹೋರಾಟ ರಾಜ್ಯಗಳ ಹಕ್ಕಿಗೂ ಕೇಂದ್ರದ ಅಧಿಕಾರಕ್ಕೂ. ದಕ್ಷಿಣದಲ್ಲಿ ಹಲವು ತಲೆಮಾರು ಈ ವಾದವನ್ನು ಪಾಠದಂತೆ ಕಲಿತವು, ಇಂದಿಗೂ ಕೇಳುತ್ತೇವೆ.

ಆದರೆ ಸ್ಟೀಫನ್ಸ್ ಕಾಗದಗಳನ್ನು ಸುಡಲಿಲ್ಲ. ಅವನ ಕಣ್ಣಿಗೆ ಮಾತ್ರ ಎಂದು ಬಂದ ಡಿಸೆಂಬರ್ 22ರ ಕಾಗದವೂ ಅದಕ್ಕೆ ತಾನು ಬರೆದ 30ರ ಉತ್ತರವೂ ಯುದ್ಧದ ನಂತರ ಅಚ್ಚಾದವು. ಆಗ ಅವನಿನ್ನೂ ಬದುಕಿದ್ದ. ಜಾರ್ಜಿಯಾದ ಗವರ್ನರ್ ಆಗಿ 1883ರ ಮಾರ್ಚ್ 4ರಂದು ತೀರಿಕೊಳ್ಳುವವರೆಗೆ, ಇಪ್ಪತ್ತೆರಡು ವರ್ಷಗಳಲ್ಲಿ ಯಾವ ರಾತ್ರಿಯಾದರೂ ಆ ಕಾಗದವನ್ನು ದೀಪಕ್ಕೆ ಹಿಡಿಯಬಹುದಿತ್ತು. ಅವನು ಹಿಡಿಯಲಿಲ್ಲ. ಅದಕ್ಕಾಗಿ ನಾನು ಅವನಿಗೆ ಋಣಿ. ಅವನ ಪುಸ್ತಕದ ಪಕ್ಕದಲ್ಲಿ ಅವನ ಕಾಗದವನ್ನಿಟ್ಟು ಓದುತ್ತಿದ್ದೇನೆ.